ಸೂರ್ಯನ ಕೌದಿ ಎಳೆದ ಚಿಗರಿ

ಆಗಿನ್ನೂ ಭೂಮಿ ಹೊಸದು. ಬೆಟ್ಟಗಳ ಹಸಿಮಣ್ಣು ಆರಿರಲಿಲ್ಲ, ನದಿಗಳಿಗೆ ತಮ್ಮ ದಾರಿ ಬಾಯಿಪಾಠವಾಗಿರಲಿಲ್ಲ. ಆಕಾಶಕ್ಕಂತೂ ಎರಡೇ ಬಣ್ಣ, ರಾತ್ರಿ ಕಪ್ಪು, ಹಗಲು ನೀಲಿ. ಬೆಳಗಾಗುವುದೆಂದರೆ ದೀಪ ಹೊತ್ತಿಸಿದ ಹಾಗೆ. ಈಗ ಕತ್ತಲೆ, ಫಕ್ಕನೆ ಬೆಳಕು, ಮುಗಿಯಿತು!

ಮೂಡಣ ಬೆಟ್ಟದ ಬುಡದಲ್ಲಿ ಬಾಳವ್ವ ಎಂಬ ಅಜ್ಜಿ ಇದ್ದಳು. ಅವಳ ಜೊತೆಗೊಂದು ನಾಯಿ. ಜಿಂಕೆಯ ಹಾಗೆ ನೆಗೆಯುತ್ತಾಳೆಂದು ಅಜ್ಜಿ ಅವಳನ್ನು ಚಿಗರಿ ಎಂದು ಕರೆಯುತ್ತಿದ್ದಳು. ದಿನವೂ ಬೆಳಕಾಗುವ ಮುಂಚೆಯೇ ಇಬ್ಬರೂ ಬೆಟ್ಟ ಹತ್ತುತ್ತಿದ್ದರು. ಚಿಗರಿ ಓಡಿ ಮುಂದೆ ಹೋಗುವಳು, ತಿರುಗಿ ಬರುವಳು, ಮತ್ತೆ ಓಡುವಳು. ಅಜ್ಜಿ ಒಮ್ಮೆ ಹತ್ತುವಷ್ಟರಲ್ಲಿ ಚಿಗರಿ ನಾಲ್ಕು ಸಲ ಹತ್ತಿ ಇಳಿದಿರುತ್ತಿದ್ದಳು.

ಬೆಟ್ಟದ ಆಚೆ ಸೂರ್ಯ ಮಲಗುತ್ತಿದ್ದ. ಒಂದು ದಿನ ನೋಡಿದರೆ, ಪಾಪ, ಗಡಗಡ ನಡುಗುತ್ತಿದ್ದಾನೆ!

"ರಾತ್ರಿ ಬಾಳ ಥಂಡಿ ಬೇ ಯವ್ವಾ," ಎಂದ ಸೂರ್ಯ. "ಎಲ್ಲಾರಿಗೂ ಬಿಸಲು ಹಂಚತೀನಿ, ನನಗ ಹೊದಿಯಾಕ ಏನೂ ಇಲ್ಲ."

"ತಡಿ ನನ್ನಪ್ಪಾ, ನಾ ಹೊದಿಕಿ ಹೊಲದು ಕೊಡತೀನಿ," ಎಂದಳು ಅಜ್ಜಿ. ಮನೆಗೆ ಬಂದವಳೇ ಹಳೇ ಸೀರೆಗಳ ಗಂಟು ಬಿಚ್ಚಿದಳು. ಕೆನ್ನೇರಳೆಯದು, ದಾಳಿಂಬೆ ಹೂವಿನ ಬಣ್ಣದ್ದು, ಅರಿಸಿನದ್ದು. ಮನಸ್ಸು ಗಟ್ಟಿ ಮಾಡಿಕೊಂಡು ಕುಂಕುಮ ಬಣ್ಣದ ಮದುವೆ ಸೀರೆಯನ್ನೂ ಕತ್ತರಿಸಿದಳು. ತುಂಡಿಗೆ ತುಂಡು ಜೋಡಿಸಿ ದೊಡ್ಡದೊಂದು ಕೌದಿ ಹೊಲಿದಳು. ಕೊನೆಯ ಮೂಲೆ ಮುಚ್ಚುವ ಮುಂಚೆ ಅದರೊಳಗೆ ಒಂದು ತುತ್ತು ರೊಟ್ಟಿ ಇಟ್ಟಳು. ಕೌದಿಗೂ ಹೊಟ್ಟೆ ತುಂಬಿರಬೇಕು, ಆಗಲೇ ಹೊದ್ದವರಿಗೆ ಬೆಚ್ಚಗಾಗುವುದು ಎಂದು ಅವಳ ನಂಬಿಕೆ. ಚಿಗರಿ ಪಕ್ಕದಲ್ಲೇ ಕೂತು, ಜೊಲ್ಲು ಸುರಿಸುತ್ತಾ, ಆ ತುತ್ತನ್ನೇ ನೋಡುತ್ತಿದ್ದಳು.

ಅಂದು ರಾತ್ರಿ ಸೂರ್ಯ ಕೌದಿ ಹೊದ್ದು ಮಲಗಿದ. ಅದೆಂಥ ನಿದ್ದೆ ಅಂತೀಯ! ಎದ್ದರೆ ತಾನೇ?

ಬೆಳಗಾಗಲೇ ಇಲ್ಲ. ಕೋಳಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿತು. ಜೋಳದ ಮೊಳಕೆಗಳು ಬಿಳಿಚಿಕೊಂಡು ತಲೆ ಬಾಗಿಸಿದವು. ನದಿ ದಾರಿ ಕಾಣದೆ ಬಂಡೆಗೆ ಹಣೆ ಬಡಿದುಕೊಂಡು ಗೋಳಾಡಿತು. "ಬಾಳವ್ವಾ, ಏನ ಮಾಡಿಟ್ಟೆವ್ವಾ ಇದು!"

ಅಜ್ಜಿ ದಡಬಡಿಸಿ ಎದ್ದಳು. ಒಂದು ಕೂಸಿಗೆ ಬೆಚ್ಚಗೆ ಮಾಡಲು ಹೋಗಿ ಎಲ್ಲರ ಬೆಳಗನ್ನೂ ಕಳೆದುಬಿಟ್ಟೆನಲ್ಲಾ! ತಡಕಾಡುತ್ತಾ ಬೆಟ್ಟ ಹತ್ತಿ ಕೂಗಿದಳು. "ಏಳೋ ನನ್ನಪ್ಪಾ, ಹೊತ್ತಾತು!"

"ಇನ್ನೊಂದು ಚೂರು ಮಲಗತೀನಿ ಬೇ," ಎಂದು ಕೌದಿಯೊಳಗಿಂದ ಸೂರ್ಯ ಗೊಣಗಿದ.

"ತಡಿ, ನಾ ಹಾರಸ್ತೀನಿ," ಎಂದು ಗಾಳಿ ಬಂದು ಉಫ್ ಉಫ್ ಊದಿತು. ಚಳಿಗೆ ಸೂರ್ಯ ಇನ್ನೂ ಬಿಗಿಯಾಗಿ ಸುತ್ತಿಕೊಂಡ. ಅಜ್ಜಿ ಎಳೆದಳು, ಕೌದಿ ಅಲುಗಲಿಲ್ಲ. ಮತ್ತೆ ಎಳೆದಳು, ಅಲುಗಲಿಲ್ಲ. ಅಲ್ಲೇ ಕುಸಿದು ಕೂತು ಅತ್ತೇಬಿಟ್ಟಳು.

ಚಿಗರಿ ಅವಳ ಕೈ ನೆಕ್ಕಿದಳು. ಆಮೇಲೆ ಮೂಗು ಮೇಲೆತ್ತಿದಳು. ಅರೆ, ರೊಟ್ಟಿ ವಾಸನೆ! ಮೂಸುತ್ತಾ ಮೂಸುತ್ತಾ ಕೌದಿಯ ಮೂಲೆ ಹುಡುಕಿದಳು, ಗಬಕ್ಕನೆ ಕಚ್ಚಿದಳು, ಒಂದೇ ಓಟ!

ಸರಸರ, ಸರಸರ! ಕೌದಿ ಬೆಟ್ಟ ದಾಟಿ ಆಕಾಶದ ತುಂಬ ಹರಡಿಕೊಳ್ಳುತ್ತಾ ಬಂತು. ಮೊದಲು ಕೆನ್ನೇರಳೆ! ಅದರ ಹಿಂದೆ ದಾಳಿಂಬೆ! ಅದರ ಹಿಂದೆ ಕುಂಕುಮ!

"ಅಯ್ಯ ಶಿವನ! ನನ್ನ ಮದುವಿ ಸೀರಿ ಎಲ್ಲಿಗೆ ಹೋತು ನೋಡ್ರಿ!" ಅಜ್ಜಿ ಕಣ್ಣೊರೆಸುವುದನ್ನೂ ಮರೆತು ಚಪ್ಪಾಳೆ ತಟ್ಟಿದಳು. ಕೋಳಿಗೆ ದನಿ ಬಂತು. ಮೊಳಕೆಗಳು ಕತ್ತೆತ್ತಿದವು. ನದಿ ಎಲ್ಲ ಬಣ್ಣಗಳನ್ನೂ ಮೈಮೇಲೆ ಹಾಕಿಕೊಂಡು ಥಕಥಕ ಕುಣಿಯಿತು. ಕಟ್ಟಕಡೆಗೆ ಅರಿಸಿನ ಬಣ್ಣವೂ ಸರಿದು, ಸೂರ್ಯ ಕಿಲಕಿಲ ನಗುತ್ತಾ ಎದ್ದು ಕೂತ.

"ಇಷ್ಟು ಚೆಂದಾಗಿ ಎಬ್ಬಿಸಿದ್ರ ದಿನಾ ಏಳತೀನಿ ಬೇ!" ಎಂದ.

"ಹಂಗಾದ್ರ ರಾತ್ರಿ ಹೊದ್ದುಕೋ. ನಸುಕಿಗೆ ನಮ್ಮ ಚಿಗರಿ ಬಂದು ಎಳೀತಾಳ," ಎಂದಳು ಅಜ್ಜಿ. ಬಿಸಿಲಿಗೆ ಬಣ್ಣ ಹೋದೀತೆಂದು ಕೌದಿಯನ್ನು ಬೇಗಬೇಗ ಮಡಚಿಟ್ಟಳು. ಸಂಜೆ ಮೂಲೆ ಬಿಚ್ಚಿ ಹೊಸ ತುತ್ತು ಇಟ್ಟು ಹೊಲಿಯುವುದನ್ನು ಮರೆಯಲಿಲ್ಲ.

ಅದಕ್ಕೇ ನೋಡು ಮಗೂ, ಇವತ್ತಿಗೂ ನಸುಕಾದರೆ ಸಾಕು, ನಿನ್ನ ನಾಯಿ ನಿನ್ನ ಹೊದಿಕೆಯ ಮೂಲೆ ಮೂಸುತ್ತದೆ, ಕಚ್ಚಿ ಎಳೆಯುತ್ತದೆ, ಹೊರಗೆ ಕರೆದೊಯ್ದರೆ ಮೂಡಣಕ್ಕೇ ಜಗ್ಗುತ್ತದೆ. ಆಗ ತಡಮಾಡಬೇಡ, ಚಪ್ಪಲಿ ಸಿಗದಿದ್ದರೆ ಬರಿಗಾಲಲ್ಲೇ ಓಡು. ಆಕಾಶದಲ್ಲಿ ಆ ಬಣ್ಣಗಳು ಇರುವುದು ಒಬ್ಬ ಅಜ್ಜಿ ಕೌದಿ ಮಡಚುವಷ್ಟು ಹೊತ್ತು ಮಾತ್ರ.