ದೇವೀರಮ್ಮನ ಕಾರು ಸೋರಿದ್ದು, ಕಪನಿ ಅದನ್ನು ನಿಲ್ಲಿಸಿದ್ದು

ಮೈಸೂರು ಸೀಮೆಯಲ್ಲಿ ಓಡಾಡುವ ಕಾರುಗಳಲ್ಲಿ ಅರ್ಧಕ್ಕರ್ಧ ನನ್ನ ಕೈಯಲ್ಲೇ ರಿಪೇರಿಯಾದವು. ಬಾನೆಟ್ಟು ಎತ್ತೋದೇ ಬೇಡ, ಬೀದಿ ಕೊನೆಯಲ್ಲಿ ಗಾಡಿ ಕೆಮ್ಮಿದರೆ ಸಾಕು, ಕೂತಲ್ಲಿಂದಲೇ ಕಾಯಿಲೆ ಹೇಳುತ್ತಿದ್ದೆ. ದೊಡ್ಡ ದೊಡ್ಡ ಇಂಜಿನಿಯರುಗಳು ನಮ್ಮನೆ ಜಗಲಿ ಮೇಲೆ ಚೀಟಿ ಹಿಡಿದು ಕಾಯುತ್ತಿದ್ದರು.

ಸುಳ್ಳು. ಶುದ್ಧ ಸುಳ್ಳು. ಸೈಕಲ್ಲಿನ ಚೈನು ಕಳಚಿದರೆ ಇವತ್ತಿಗೂ ಹೆಂಡತಿಯನ್ನೇ ಕರೀತೀನಿ. ಆದರೆ ಈಗ ಹೇಳೋ ಕತೆ ಮಾತ್ರ ನಿಜ. ಇದರಲ್ಲಿ ಸುಳ್ಳು ಇದ್ದರೂ ಒಗ್ಗರಣೆಗೆ ಹಾಕೋ ಸಾಸಿವೆಯಷ್ಟು.

ನಂಜನಗೂಡಿನಲ್ಲಿ ದೇವೀರಮ್ಮ ಅಂತ ಒಬ್ಬಳು. ಗಂಡ ಇಲ್ಲ. ಮದುವೆ ಮನೆಗಳ ಅಡುಗೆ ಹಿಡಿದು ಬದುಕು ಕಟ್ಟಿಕೊಂಡವಳು. ಅವಳಿಗೊಬ್ಬನೇ ಮಗ, ಕಪನಿ. ವಯಸ್ಸು ಇಪ್ಪತ್ತೆಂಟು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಅವನಿಗೆ ಬರುತ್ತಿದ್ದ ವಿದ್ಯೆ ಎರಡೇ: ಉಣ್ಣೋದು, ಗಾಡಿ ಓಡಿಸೋದು. ಇನ್ನು ಮಿಕ್ಕಿದ್ದಕ್ಕೆಲ್ಲ ಅಮ್ಮ ಹೇಳಿದ್ದನ್ನ ಅಕ್ಷರ ಬಿಡದೆ ಮಾಡುತ್ತಿದ್ದ. ಅಕ್ಷರ ಬಿಡದೆ ಮಾಡೋ ಮಕ್ಕಳಿಗಿಂತ ಮಾತು ಕೇಳದ ಮಕ್ಕಳೇ ವಾಸಿ ಅಂತ ದೇವೀರಮ್ಮನ ಅನುಭವ.

ಪಾತ್ರೆ ಪರಡಿ ಸಾಗಿಸೋಕೆ ದೇವೀರಮ್ಮ ಮೈಸೂರಿನ ಒಂದು ಅಂಗಡಿಯಲ್ಲಿ ಹಳೇ ಕಾರು ಕೊಂಡಳು. ಕಾರಿನ ಜೊತೆ ಅಂಗಡಿಯವರು ಒಂದು ವಾರಂಟಿ ಕಾಗದ ಕೊಟ್ಟರು. ‘ಆರು ತಿಂಗಳೊಳಗೆ ಏನೇ ಕೆಟ್ಟರೂ ನಾವೇ ಸರಿಮಾಡಿ ಕೊಡುತ್ತೇವೆ’ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಯಾವುದು ಕೆಟ್ಟರೆ ಮಾಡಿಕೊಡಲ್ಲ ಅನ್ನೋದು ಕೆಳಗೆ, ಇರುವೆಗಳು ಓದಿಕೊಳ್ಳಲಿ ಅಂತ ಸಣ್ಣಕ್ಷರದಲ್ಲಿ.

ಐದು ತಿಂಗಳು ಇಪ್ಪತ್ತಾರು ದಿನ ಕಾರು ಚೆನ್ನಾಗಿಯೇ ಓಡಿತು. ಇಪ್ಪತ್ತೇಳನೇ ದಿನ, ಬುಧವಾರ ಬೆಳಿಗ್ಗೆ ನೋಡಿದರೆ, ಮುಂದಿನ ಚಕ್ರದ ಹತ್ತಿರ ಆಕ್ಸಲ್ಲಿನ ರಬ್ಬರ್ ಕವರು ಹರಿದು, ಅಂಗಳದ ಚಪ್ಪಡಿ ಮೇಲೆ ಕರೀ ಗ್ರೀಸು ಬೊಟ್ಟು ಬೊಟ್ಟಾಗಿ ಬಿದ್ದಿದೆ! ಶನಿವಾರಕ್ಕೆ ವಾರಂಟಿ ಮುಗಿಯುತ್ತೆ. ಭಾನುವಾರ ಹುಲ್ಲಹಳ್ಳಿಯಲ್ಲಿ ಮದುವೆ, ಐನೂರು ಎಲೆ. ಕಾರು ಕೈಕೊಟ್ಟರೆ ಅಡುಗೆ ಕೆಡುತ್ತೆ. ಅಡುಗೆ ಕೆಟ್ಟರೆ ಆ ಸುತ್ತಿನಲ್ಲಿ ದೇವೀರಮ್ಮನನ್ನ ಇನ್ಯಾರೂ ಕರೆಯಲ್ಲ.

“ಕಪನಿ, ಬೇಗ ಹೋಗಿ ಅಂಗಡಿಯವರಿಗೆ ತೋರಿಸು. ಜೋಪಾನ ಕಣೋ! ಬಾಡಿಗೆ ಕೊಪ್ಪರಿಗೆ ವಾಪಸ್ ಕೊಡೋಕೆ ಹೋಗ್ತೀವಲ್ಲ, ಹಂಗೆ ತಗೊಂಡು ಹೋಗು!”

“ಆಯ್ತಮ್ಮ,” ಅಂದ ಕಪನಿ.

ಬಾಡಿಗೆ ಕೊಪ್ಪರಿಗೆಯನ್ನ ವಾಪಸ್ ಕೊಡೋದು ಹೆಂಗೆ? ಹುಣಸೆಹಣ್ಣು, ಬೂದಿ ಹಾಕಿ ಗಸಗಸ ತಿಕ್ಕಿ, ಮುಖ ಕಾಣೋ ಹಾಗೆ ಬೆಳಗಿ ಕೊಡೋದು. ಕಪನಿ ಕಾರಿನ ಕೆಳಗೆ ನುಗ್ಗಿದ. ಆಕ್ಸಲ್ಲಿಗೆ ಹುಣಸೆಹಣ್ಣು, ಬೂದಿ! ಗಸಗಸ! ಚಕ್ರಕ್ಕೆ ಹುಣಸೆಹಣ್ಣು, ಬೂದಿ! ಗಸಗಸ! ಹರಿದ ಕವರನ್ನೂ ಬಿಡದೆ, ತೂತು ಕಾಣದ ಹಾಗೆ ಹುಣಸೆಹಣ್ಣು ಮೆತ್ತಿದ.

ಅಂಗಡಿಯಲ್ಲಿ ವಾರಂಟಿ ನೋಡೋನು ಗುರುಮಲ್ಲು. ‘ಇಲ್ಲ’ ಅನ್ನೋದಕ್ಕೇ ಸಂಬಳ ತಗೊಳ್ಳೋ ಮನುಷ್ಯ. ಬಗ್ಗಿ ನೋಡಿದ, ಮೂಸಿ ನೋಡಿದ.

“ಗ್ರೀಸು ಎಲ್ಲಿ ಸ್ವಾಮಿ? ನಿಮ್ಮ ಕಾರಿನ ಕೆಳಗೆ ರಸಂ ವಾಸನೆ ಬರ್ತಾ ಇದೆ. ಸೋರಿಕೆ ಇಲ್ಲ, ಹೋಗಿ ಬನ್ನಿ!”

ದೇವೀರಮ್ಮ ಹಣೆ ಚಚ್ಚಿಕೊಂಡಳು. “ಅಯ್ಯೋ ನನ್ನ ಮಂಕುದಿಣ್ಣೆ! ಇದ್ದ ಸಾಕ್ಷಿ ತೊಳೆದುಬಿಟ್ಯಲ್ಲೋ! ಸೋರಿದ್ದನ್ನ ಒರೆಸಬಾರದು. ಹೆಂಗೆ ಬಿದ್ದಿದೆಯೋ ಹಂಗೇ ತಗೊಂಡು ಹೋಗಿ ಮುಂದೆ ಇಡಬೇಕು!”

“ಆಯ್ತಮ್ಮ,” ಅಂದ ಕಪನಿ.

ಗುರುವಾರ ಬೆಳಿಗ್ಗೆ ಚಪ್ಪಡಿ ಮೇಲೆ ಮತ್ತೆ ಗ್ರೀಸು. ಹೆಂಗೆ ಬಿದ್ದಿದೆಯೋ ಹಂಗೇ! ಕಪನಿ ಹಾರೆ ತಂದು ಚಪ್ಪಡಿಕಲ್ಲನ್ನೇ ಮೀಟಿ ಎತ್ತಿದ. ತಲೆಗೆ ಸಿಂಬೆ ಸುತ್ತಿ, ಕಲ್ಲು ಹೊತ್ತು, ಮೈಸೂರು ಬಸ್ಸು ಹತ್ತಿದ. ಕಂಡಕ್ಟರು ಕಲ್ಲಿಗೂ ಒಂದು ಟಿಕೀಟು ಹರಿದ. ಯಾರೋ ದೇವರ ಕಲ್ಲು ಅಂದುಕೊಂಡು ಎದ್ದು ಸೀಟು ಬಿಟ್ಟುಕೊಟ್ಟರು.

ಧಡ್! ಕಲ್ಲು ಗುರುಮಲ್ಲುವಿನ ಮೇಜಿನ ಮೇಲೆ.

“ಇದೇನಯ್ಯಾ?”

“ಸೋರಿದ್ದು ಸ್ವಾಮಿ.”

“ಕಾರೆಲ್ಲಿ?”

“ಮನೇಲಿ. ಅದು ಸೋರಿಲ್ವಲ್ಲ, ಸೋರಿದ್ದು ಗ್ರೀಸು.”

ಗುರುಮಲ್ಲು ಕಲ್ಲನ್ನ ಸುತ್ತಲೂ ನೋಡಿ ಹೇಳಿದ, “ನೋಡಪ್ಪಾ, ಕಲ್ಲಿಗೆ ನಮ್ಮಲ್ಲಿ ವಾರಂಟಿ ಇಲ್ಲ. ನಮ್ಮ ಅಂಗಡಿಯಲ್ಲಿ ಕೊಂಡ ಕಲ್ಲೂ ಅಲ್ಲ. ತಗೊಂಡು ಹೋಗು!”

“ಅಯ್ಯೋ ನನ್ನ ಗೂಬೆ!” ಅಂದಳು ದೇವೀರಮ್ಮ. “ಅಂಗಳನೂ ಕಿತ್ತೆಯಲ್ಲೋ! ಅಲ್ಲಿ ಹೋಗಿ ವಾದ ಬೇರೆ ಮಾಡಿದ್ಯಾ? ನಾಳೆ ಕಾರಲ್ಲೇ ಹೋಗು. ಎದುರುತ್ತರ ಕೊಡಬೇಡ. ಆ ಯಪ್ಪ ಏನು ಕೇಳಿದರೂ ಕೈಮುಗಿದು ‘ಹೌದು ಸ್ವಾಮಿ’ ಅನ್ನು!”

“ಆಯ್ತಮ್ಮ,” ಅಂದ ಕಪನಿ.

ಶುಕ್ರವಾರ ಕಾರಿತ್ತು, ಸೋರಿಕೆಯೂ ಇತ್ತು, ಕಣ್ಣಿಗೆ ರಾಚುತ್ತಿತ್ತು. ಗುರುಮಲ್ಲು ಬೇರೆ ದಾರಿ ಕಾಣದೆ ಬರೆದುಕೊಳ್ಳೋಕೆ ಕಾಗದ ತೆಗೆದ. ಆದರೂ ಹುಟ್ಟುಗುಣ ನೋಡಿ, ಒಂದು ಮಾತು ಕೇಳಿದ.

“ಕಾರನ್ನ ರಸ್ತೆ ಗುಂಡಿಗೆ ಹಾರಿಸಿದ್ರಾ?”

“ಹೌದು ಸ್ವಾಮಿ.”

ಗುರುಮಲ್ಲುವಿನ ಮುಖ ಅರಳಿತು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. “ಬೇರೆ ಗ್ಯಾರೇಜಲ್ಲಿ ಬಿಚ್ಚಿಸಿದ್ರಾ?”

“ಹೌದು ಸ್ವಾಮಿ.”

“ಕವರನ್ನ ನೀವೇ ಚಾಕುವಿನಲ್ಲಿ ಕುಯ್ದ್ರಾ?”

“ಹೌದು ಸ್ವಾಮಿ.”

“ಹೊಳೆಗೆ ಇಳಿಸಿದ್ರಾ?”

“ಹೌದು ಸ್ವಾಮಿ, ಹೌದು ಸ್ವಾಮಿ!”

ಹತ್ತು ವರ್ಷದ ನೌಕರಿಯಲ್ಲಿ ಇಂಥ ಗಿರಾಕಿ ಅವನಿಗೆ ಸಿಕ್ಕಿರಲಿಲ್ಲ. ಕಪನಿಗೆ ಬಾಳೆಹಣ್ಣು ಕೊಟ್ಟು, ಬಾಗಿಲವರೆಗೂ ಬಂದು ಬೀಳ್ಕೊಟ್ಟ.

ದೇವೀರಮ್ಮ ಅಳಬೇಕೋ ಹೊಡೀಬೇಕೋ ತಿಳಿಯದೆ ಎರಡನ್ನೂ ಮಾಡಿದಳು. “ಹೊಳೆಗೆ ಇಳಿಸಿದೆ ಅಂದ್ಯೇನೋ ಪಾಪಿ! ಇನ್ನೊಂದೇ ದಿನ ಉಳಿದಿರೋದು! ನಾಳೆ ನಾನೂ ಬರ್ತೀನಿ. ಆ ಗುರುಮಲ್ಲು ಏನು ಕೇಳಿದರೂ ‘ಇಲ್ಲ’ ಅನ್ನು. ಇಲ್ಲ ಅಂದರೆ ಇಲ್ಲ!”

“ಆಯ್ತಮ್ಮ,” ಅಂದ ಕಪನಿ.

ಶನಿವಾರ. ದೇವೀರಮ್ಮ ಮಡಿಲಲ್ಲಿ ಸೌಟು ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಸೌಟು ಯಾಕೆ ಅಂತ ಕೇಳಬೇಡಿ, ಕೆಲವರಿಗೆ ಕೈಯಲ್ಲಿ ಏನಾದರೂ ಇದ್ದರೇ ಧೈರ್ಯ. ಗುರುಮಲ್ಲು ಹಳೇ ಗೆಳೆಯನನ್ನ ಕಂಡವನ ಹಾಗೆ ಓಡಿಬಂದ.

“ಬನ್ನಿ ಬನ್ನಿ! ಇದು ನಿಮ್ಮದೇ ಕಾರು ತಾನೆ?”

“ಇಲ್ಲ.”

“ವಾರಂಟಿ ಕಾಗದ ಇದೆಯಾ?”

“ಇಲ್ಲ,” ಅಂದ ಕಪನಿ, ಕೈಯಲ್ಲಿದ್ದ ಅದೇ ಕಾಗದದಲ್ಲಿ ಗಾಳಿ ಬೀಸಿಕೊಳ್ಳುತ್ತ.

“ಗ್ರೀಸು ಸೋರ್ತಾ ಇದೆಯಾ?”

“ಇಲ್ಲ.”

“ಹಿಂದೆ ಕೂತಿರೋರು ನಿಮ್ಮ ತಾಯಿಯವರಾ?”

“ಇಲ್ಲವೇ ಇಲ್ಲ!”

ಅಷ್ಟು ಕೇಳಿದ್ದೇ ತಡ, ಇಲ್ಲದ ತಾಯಿ ಸೌಟು ಹಿಡಿದು ಕೆಳಗಿಳಿದಳು! ಮಗನ ಬೆನ್ನಿಗೆ ಒಂದು ಬಿಟ್ಟು, ನೆಟ್ಟಗೆ ಹೋಗಿ ಅಂಗಡಿ ಮೆಟ್ಟಿಲ ಮೇಲೆ ಕೂತಳು. ಕಾರು ಕೊಳ್ಳೋಕೆ ಯಾರು ಬಂದರೂ, “ಬಾ ಅಣ್ಣ, ಬಾ! ಇವರ ಹತ್ರ ತಗೊಂಡ ಕಾರು ನೋಡು ಬಾ! ಎಣ್ಣೆ ನೀರಿಗೆ ಕೂತ ಬಾಣಂತಿ ಹಂಗೆ, ಚಕ್ರಕ್ಕೆಲ್ಲ ಗ್ರೀಸು ಬಳ್ಕೊಂಡು ನಿಂತಿದೆ!” ಅಂತ ಕರೆದು ಕರೆದು ಸೋರೋದನ್ನ ತೋರಿಸಿದಳು. ಮೂವರು ನೋಡಿ ಹಿಂದಕ್ಕೆ ಹೋದರು. ನಾಲ್ಕನೆಯವನು ಬಗ್ಗುವಷ್ಟರಲ್ಲಿ ಗುರುಮಲ್ಲುವಿಗೆ ವಾರಂಟಿಯ ಸಣ್ಣಕ್ಷರವೆಲ್ಲ ಮರೆತುಹೋಯಿತು. ಮಧ್ಯಾಹ್ನದೊಳಗೆ ಹೊಸ ಕವರು, ಹೊಸ ಗ್ರೀಸು. ಒಂದು ತೊಟ್ಟು ಸೋರಲಿಲ್ಲ.

ಹೊರಡುವಾಗ ಗುರುಮಲ್ಲು ಮುಖ ಹುಳ್ಳಗೆ ಮಾಡಿಕೊಂಡು ಹೇಳಿದ, “ಹೊಸ ಕವರಿಗೆ ಮತ್ತೆ ಮೂರು ತಿಂಗಳು ವಾರಂಟಿ ಬರ್ಕೊಟ್ಟಿದೀನಮ್ಮ. ಆದರೆ ಚಕ್ರಕ್ಕೆ ಗುಂಡಿ ತಾಗಿತು, ಕಲ್ಲು ತಾಗಿತು ಅಂತ ಬಂದರೆ ಆಗಲ್ಲ.”

ದೇವೀರಮ್ಮ ಮಗನ ಕಿವಿ ಹಿಂಡಿದಳು. “ಕೇಳಿಸ್ತೇನೋ? ಚಕ್ರಕ್ಕೆ ಏನೂ ತಾಗಬಾರದು! ಏನಂದ್ರೆ ಏನೂ!”

“ಆಯ್ತಮ್ಮ,” ಅಂದ ಕಪನಿ.

ಭಾನುವಾರ ಬೆಳಕು ಹರಿಯೋ ಮೊದಲೇ ಕೊಪ್ಪರಿಗೆ, ಜಾಲರಿ, ಮಸಾಲೆ ಗಂಟು ಎಲ್ಲ ಕಾರಿಗೇರಿತು. ಮೂರು ದಿನದಿಂದ ನಿದ್ದೆಗೆಟ್ಟ ದೇವೀರಮ್ಮನನ್ನ ಆ ಕತ್ತಲಲ್ಲಿ ಕಪನಿಯೇ ಎತ್ತಿ ಕೂರಿಸಿದ, ಅವಳು ಸೆರಗು ಹೊದ್ದು ಹಿಂದೆ ಒರಗಿದಳು. “ಹುಲ್ಲಹಳ್ಳಿ ಬಂದ ಮೇಲೆ ಎಬ್ಬಿಸೋ.” ಕಾರು ಗುಂಯ್ ಅಂತು. ಇಂಥಾ ನಯವಾದ ಸವಾರಿಯನ್ನ ಅವಳು ಜನ್ಮದಲ್ಲೇ ಕಂಡಿರಲಿಲ್ಲ. ಒಂದು ಕುಲುಕಿಲ್ಲ, ಒಂದು ಎತ್ತಾಟ ಇಲ್ಲ. ‘ಗುರುಮಲ್ಲು ಕೆಟ್ಟವನಾದರೂ ಕೆಲಸ ಚೆನ್ನಾಗಿ ಮಾಡಿದ್ದಾನೆ’ ಅಂದುಕೊಂಡು ನಿದ್ದೆಹೋದಳು.

ಮಧ್ಯಾಹ್ನದ ಬಿಸಿಲು ಕಣ್ಣಿಗೆ ಬಿದ್ದಾಗ ಎಚ್ಚರವಾಯಿತು.

“ಬಂತೇನೋ ಹುಲ್ಲಹಳ್ಳಿ?”

“ಇನ್ನೂ ಇಲ್ಲಮ್ಮ. ಬೆಳಿಗ್ಗೆಯಿಂದ ನಿಲ್ಲಿಸದೆ ಓಡಿಸ್ತಾನೇ ಇದೀನಿ.”

ದೇವೀರಮ್ಮ ಕಣ್ಣುಜ್ಜಿ ಹೊರಗೆ ನೋಡಿದಳು. “ಇದ್ಯಾವ ಊರೋ? ಆ ಕೋಳಿ ನಮ್ಮನೆ ಕೋಳಿ ಇದ್ದ ಹಾಗಿದೆ.”

“ಹೌದಮ್ಮ.”

“ಅಯ್ಯೋ, ಇಲ್ಲೂ ಯಾರೋ ಅಂಗಳದ ಚಪ್ಪಡಿ ಕಿತ್ತಿದಾರಲ್ಲೋ!”

“ಹೌದಮ್ಮ.”

ಬಾಗಿಲು ತೆಗೆದು ಕಾಲು ಚಾಚಿದಳು. ನೆಲ ಸಿಗಲಿಲ್ಲ. ಬಗ್ಗಿ ನೋಡಿದರೆ, ಕಪನಿ ಹಿಂದಿನ ಸಂಜೆಯೇ ಅವಳ ಒಲೆಗಲ್ಲುಗಳನ್ನೆಲ್ಲ ಕಾರಿನ ಹೊಟ್ಟೆಯ ಕೆಳಗೆ ಪೇರಿಸಿ ಅದನ್ನ ನೆಲದಿಂದ ಎತ್ತಿ ಕೂರಿಸಿದ್ದ! ಮುಂದಿನ ಚಕ್ರಗಳು ಗಾಳಿಯಲ್ಲಿ ಗಿರ್ರಂತ ತಿರುಗುತ್ತಿದ್ದವು. ಗುಂಡಿ ತಾಗಿಲ್ಲ, ಕಲ್ಲು ತಾಗಿಲ್ಲ, ರಸ್ತೆಯೂ ತಾಗಿಲ್ಲ. ಹುಲ್ಲಹಳ್ಳಿಯಲ್ಲಿ ಅಷ್ಟೊತ್ತಿಗೆ ಐನೂರು ಎಲೆ ಖಾಲಿ ಬಿದ್ದಿದ್ದವು.

“ಏನೂ ತಾಗಲಿಲ್ಲಮ್ಮ!” ಅಂದ ಕಪನಿ, ಎದೆಯುಬ್ಬಿಸಿ. “ನೋಡು, ಒಂದು ತೊಟ್ಟೂ ಸೋರಿಲ್ಲ!”

ದೇವೀರಮ್ಮ ಹೊಡೆಯೋಕೆ ಸೌಟು ಹುಡುಕಿದಳು, ಸಿಗಲಿಲ್ಲ. ಅದು ಕೊಪ್ಪರಿಗೆಯ ಅಡಿಯಲ್ಲಿತ್ತು.

ಹುಲ್ಲಹಳ್ಳಿ ಮದುವೆಗೆ ಬಂದು, ಬರೀ ಎಲೆ ನೋಡಿ, ನೀರು ಕುಡಿದು, ಹಸಿದ ಹೊಟ್ಟೆಯಲ್ಲಿ ವಾಪಸ್ ಹೋದ ಐನೂರು ಜನರಲ್ಲಿ ನಾನೂ ಒಬ್ಬ. ಆವತ್ತಿನ ಹಸಿವು ಇನ್ನೂ ಇಳಿದಿಲ್ಲ ಸ್ವಾಮಿ. ಹೆಂಗೂ ನಿಮ್ಮ ಟೀಗೆ ದುಡ್ಡು ಕೊಡೋಕೆ ಜೇಬಿಗೆ ಕೈ ಹಾಕಿದೀರಿ, ನನ್ನ ಟೀ ದುಡ್ಡೂ ನೀವೇ ಕೊಟ್ಟುಬಿಡಿ. ಜೊತೆಗೊಂದು ಬನ್ನು ಅಂದರೂ ನಾನೇನು ಬೇಡ ಅನ್ನೋನಲ್ಲ.