ಕ್ರೇನಿಗೊಂದು ಷರಾ

ಗುತ್ತಿಗೆದಾರ ಚನ್ನವೀರಪ್ಪ ಸಾಹುಕಾರರಿಗೆ ಆಯುಧಪೂಜೆಯೊಳಗೆ ಸ್ವಂತದ್ದೊಂದು ಕ್ರೇನ್ ಬೇಕಿತ್ತು. ದುಡ್ಡು ಹಾಕುವವರು ಅವರ ಮಾವ. ಆ ಹಿರಿಯರೋ, ಅಂದಾಜುಪಟ್ಟಿಯ ಪ್ರತಿ ಸಾಲನ್ನೂ ಓದದೆ ಸಹಿ ಹಾಕುವವರಲ್ಲ.

ಬೆಳಿಗ್ಗೆ ಗುಮಾಸ್ತ ಬರೆದ ಪಟ್ಟಿ ನೋಡಿ ಸಾಹುಕಾರರು ಸಿಡಿದರು. "ಕ್ರೇನ್ ಬೆಲೆ ಸರಿ. ಚಾಲಕ, ರಿಪೇರಿ, ಡೀಸೆಲ್ ಅಂತ ಯಾಕೆ ಉದ್ದ ಮಾಡಿದ್ದೀಯ? ಎಲ್ಲಾ ಸೊನ್ನೆ ಮಾಡು. ಇಲ್ಲದಿದ್ರೆ ನಾಳೆಯಿಂದ ಬರಬೇಡ."

ಗುಮಾಸ್ತನಿಗೆ ತನ್ನ ಹಿಂದಿನವನ ನೆನಪಾಯಿತು. ಹೋದ ವರ್ಷ ಕಾಂಕ್ರೀಟ್ ಮಿಕ್ಸರ್‌ಗೆ ಹೀಗೇ ಸೊನ್ನೆ ಬರೆದವನನ್ನು ಮಾವನವರು ಮನೆಗೆ ಕಳಿಸಿದ್ದರು. ಬರೆದರೂ ಕೆಲಸ ಹೋಗುತ್ತದೆ, ಬರೆಯದಿದ್ದರೂ ಹೋಗುತ್ತದೆ. ಕೊನೆಗೆ ಸೊನ್ನೆಗಳನ್ನೆಲ್ಲ ಹಾಕಿದ. ಸೊನ್ನೆ ಹಾಕಿದರೆ ಪಕ್ಕದ ಷರಾ ಕಾಲಂನಲ್ಲಿ ಕಾರಣ ಬರೆಯಲೇಬೇಕು, ಅದು ಆ ಕಚೇರಿಯ ಪದ್ಧತಿ. ಅದನ್ನೂ ಬರೆದ.

ಸಂಜೆ ಮಾವನವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "ಚಾಲಕನ ಸಂಬಳ, ಸೊನ್ನೆ. ಷರಾ: ಸಾಹುಕಾರರೇ ಓಡಿಸುತ್ತಾರೆ. ರಿಪೇರಿ, ಸೊನ್ನೆ. ಷರಾ: ಸಾಹುಕಾರರೇ ಕೆಳಗೆ ಮಲಗಿ ಮಾಡುತ್ತಾರೆ. ಡೀಸೆಲ್, ಸೊನ್ನೆ. ಷರಾ: ಸಾಹುಕಾರರೇ ತಳ್ಳುತ್ತಾರೆ."

ಮಾವನವರು ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಳಿಯಂದಿರೇ, ಇಷ್ಟೆಲ್ಲ ಯಾವಾಗ ಕಲಿತಿರಿ?" ಅಂದರು ಮಾವ.

ಸಾಹುಕಾರರು ಹಲ್ಲು ಕಚ್ಚಿ ಗುಮಾಸ್ತನ ಕಡೆ ತಿರುಗಿದರು. "ಏಯ್, ಬೆಳಿಗ್ಗೆಯ ಪಟ್ಟಿ ಎಲ್ಲೋ?"

"ಅದರ ಹಿಂದೇನೇ ಪಿನ್ ಹಾಕಿದ್ದೀನಿ ಸಾಹುಕಾರ್ರೇ. ಷರಾ ಕಾಲಂ ಖಾಲಿ ಇದೆ."

ಮಾವನವರು ಆ ಪಟ್ಟಿಯ ಒಟ್ಟು ಮೊತ್ತ ನೋಡಿದರು. ಪೆನ್ನು ತೆಗೆದು ಖಾಲಿ ಕಾಲಂನಲ್ಲಿ ತಾವೇ ಬರೆದರು: "ಕ್ರೇನ್ ಬಾಡಿಗೆಯದ್ದೇ ಸಾಕು. ಗುಮಾಸ್ತ ಮಾತ್ರ ಕಾಯಂ."