ಸುಣ್ಣದ ಗೂಡಿನವರ ಅಂಗಿ

"ಗುರುಗಳೇ, ಪೇಟೆಯಲ್ಲಿ ಮೊಣಕಾಲು ಹರಿದ ಪ್ಯಾಂಟನ್ನು ಹೊಸದೆಂದು ಮಾರುತ್ತಿದ್ದಾರೆ. ಮನೆಯಲ್ಲಿ ಹಾಕುವ ಬನಿಯನ್ನಿನಲ್ಲೇ ಜನ ಮದುವೆಗೂ ಬರುತ್ತಾರೆ. ಉಳ್ಳವರು ಆಡಂಬರ ಬಿಟ್ಟು ಸರಳರಾಗುತ್ತಿದ್ದಾರೆಂದು ನಾವು ಸಂತೋಷಪಡಬಹುದೇ?" ಎಂದು ಶಿಷ್ಯ ಅಡವಯ್ಯ ಕೇಳಿದ.

ಗುರುಗಳು ಹಣೆ ಒತ್ತಿಕೊಂಡರು. "ಈ ತಿಂಗಳಲ್ಲಿ ಇದನ್ನು ಕೇಳಿದವರಲ್ಲಿ ನೀನು ನಾಲ್ಕನೆಯವನು. ಕೂತುಕೋ," ಎಂದು ಹೇಳತೊಡಗಿದರು.

ದುರುಗವ್ವ ಎಂಬ ಹೆಂಗಸು ಸುಣ್ಣದ ಗೂಡಿನಲ್ಲಿ ದುಡಿಯುತ್ತಿದ್ದಳು. ಸುಟ್ಟ ಕಲ್ಲನ್ನು ಗೂಡಿನಿಂದ ತೆಗೆದು ಬುಟ್ಟಿಗೆ ತುಂಬುವುದು ಅವಳ ಕೆಲಸ. ಆ ಸುಣ್ಣದ ಪುಡಿ ಬೆವರಿಗೆ ತಾಗಿದರೆ ಚರ್ಮ ಸುಡುತ್ತದೆ. ಅದಕ್ಕಾಗಿ ಗೂಡಿನವರೆಲ್ಲ ದಪ್ಪ ನೂಲಿನ ಅಂಗಿ ಹಾಕುತ್ತಿದ್ದರು. ಮಣಿಕಟ್ಟಿನವರೆಗೆ ತೋಳು, ಕುತ್ತಿಗೆಗೆ ಬಿಗಿಯಲು ಒಂದು ದಾರ. ಅಂಥ ಬಟ್ಟೆ ನೇಯ್ದು ಅಂಗಿ ಹೊಲಿದು ಕೊಡುವವನು ಆ ಸುತ್ತಿನಲ್ಲಿ ಒಬ್ಬನೇ ನೇಕಾರ. ದುರುಗವ್ವನ ಬಳಿ ಅಂಥ ಅಂಗಿ ಎರಡಿದ್ದವು.

ಒಂದು ದಿನ ವ್ಯಾಪಾರಿಯೊಬ್ಬನ ಮಗ ಹೊಸ ಮನೆಗೆ ಸುಣ್ಣ ನೋಡಲು ಬಂದ. ಗೂಡಿನಿಂದ ಕಿಡಿ ಹಾರಿ ಅವನ ರೇಷ್ಮೆ ಅಂಗಿ ಬೆನ್ನಿನಲ್ಲಿ ಅಂಗೈಯಗಲ ಸುಟ್ಟುಹೋಯಿತು. ಅಲ್ಲಿಂದ ನೇರವಾಗಿ ಅವನು ಗೆಳೆಯನ ನಿಶ್ಚಿತಾರ್ಥಕ್ಕೆ ಹೋಗಬೇಕಾಗಿತ್ತು. ದುರುಗವ್ವನಿಗೆ ಕನಿಕರವಾಯಿತು. ಒಗೆದಿಟ್ಟಿದ್ದ ತನ್ನ ಇನ್ನೊಂದು ಅಂಗಿ ಕೊಟ್ಟು, "ನಾಳೆ ಕಳಿಸಿಕೊಡಪ್ಪ," ಎಂದಳು.

ಆ ಅಂಗಿಯ ತುಂಬ ಒಗೆದರೂ ಹೋಗದ ಬಿಳಿ ಚುಕ್ಕೆಗಳು. ಅವನು ತಲೆ ತಗ್ಗಿಸಿಕೊಂಡೇ ನಿಶ್ಚಿತಾರ್ಥದ ಮನೆಯೊಳಗೆ ಕಾಲಿಟ್ಟ. ಆದರೆ ಅಷ್ಟು ದೊಡ್ಡ ಮನೆಯ ಮಗ ಕಾರಣವಿಲ್ಲದೆ ಹೀಗೆ ಬರುವುದಿಲ್ಲ ಎಂದು ಜನ ತಿಳಿದರು. "ಎಲ್ಲಿ ಹೊಲಿಸಿದಿರಿ?" ಎಂದು ಒಬ್ಬ ಕೇಳಿದ. ನಿಜ ಹೇಳಲು ಅವನಿಗೆ ನಾಚಿಕೆಯಾಯಿತು. "ಈಗ ಇದೇ ನಡೆಯುತ್ತಿರುವುದು," ಎಂದುಬಿಟ್ಟ.

ತಿಂಗಳೊಳಗೆ ಪೇಟೆಯ ಜನವೆಲ್ಲ ನೇಕಾರನ ಬಾಗಿಲಿಗೆ ಬಂದರು. ಅವನು ಮೊದಲು ಗೂಡಿನವರ ಬಟ್ಟೆಯನ್ನೇ ಕೊಟ್ಟ. ಸೆಕೆ ಎಂದರು, ತೆಳ್ಳಗೆ ನೇಯ್ದ. ಚುಕ್ಕೆ ಎಲ್ಲಿ ಎಂದರು, ಕುಂಚ ಹಿಡಿದು ಚುಕ್ಕೆ ಸಿಡಿಸಿದ. ಮಗ್ಗಕ್ಕೆ ಪುರುಸೊತ್ತಿಲ್ಲದಾಯಿತು.

ಬೇಸಿಗೆಯ ಹೊತ್ತಿಗೆ ದುರುಗವ್ವನ ಮೈಮೇಲಿದ್ದ ಅಂಗಿ ಹರಿದು ಚೂರಾಯಿತು. ಕೊಟ್ಟದ್ದು ಹಿಂದಿರುಗಿರಲಿಲ್ಲ. ಅವಳು ನೇಕಾರನ ಬಳಿ ಹೋದಳು. ಅವನು ಮಾಡಿಟ್ಟಿದ್ದನ್ನು ತಂದು ಹರಡಿದ.

"ಅಣ್ಣಾ, ಈ ಚುಕ್ಕೆ ನನಗ್ಯಾಕೆ? ಗೂಡಿನ ಮುಂದೆ ನಿಂತರೆ ತಾನೇ ಬೀಳುತ್ತೆ. ದಪ್ಪ ಬಟ್ಟೆ ಕೊಡು."

"ದಪ್ಪದ್ದು ಈಗ ಯಾರೂ ಕೇಳೋದಿಲ್ಲ ತಂಗಿ."

"ನಾನು ಕೇಳ್ತಾ ಇದ್ದೀನಲ್ಲ!"

"ಆರು ತಿಂಗಳು ಬಿಟ್ಟು ಬಾ," ಎಂದು ನೇಕಾರ ಮಗ್ಗದ ಕಡೆ ತಿರುಗಿದ.

ಅವಳು ಸುಮ್ಮನಾಗಲಿಲ್ಲ. ಬಿಸಿಲಲ್ಲಿ ನಡೆದು ವ್ಯಾಪಾರಿಯ ಮನೆಗೆ ಹೋಗಿ ತನ್ನ ಅಂಗಿ ಕೇಳಿದಳು. ಮಗ ಅವಳನ್ನು ಗುರುತಿಸಿದ. ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಡಿಸಿದ. ಆಮೇಲೆ, "ಅವ್ವಾ, ಅದನ್ನು ಮಾತ್ರ ಕೇಳಬೇಡ. ಎಲ್ಲಕ್ಕಿಂತ ಮೊದಲನೆಯದು ಅಂತ ಜನ ನೋಡೋಕೆ ಬರ್ತಾರೆ. ಬದಲಿಗೆ ಇದನ್ನು ತಗೋ," ಎಂದು ಹೊಸ ರೇಷ್ಮೆ ಅಂಗಿಯೊಂದನ್ನು ಎರಡೂ ಕೈಯಲ್ಲಿ ನೀಡಿದ. ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ.

"ಇದನ್ನು ಹಾಕಿಕೊಂಡು ಸುಣ್ಣ ತೆಗೀಲೇನಪ್ಪ?" ಎಂದಳು ದುರುಗವ್ವ. ಅವಳು ರೇಷ್ಮೆಯನ್ನು ಜಗಲಿಯ ಮೇಲೆ ಇಟ್ಟು ಎದ್ದಳು. ಬರುವ ದಾರಿಯಲ್ಲಿ ಮತ್ತೆ ನೇಕಾರನ ಬಳಿ ನಿಂತು, ಬೇರೆ ದಾರಿ ಕಾಣದೆ, ಆ ಚುಕ್ಕೆಯ ಅಂಗಿಯನ್ನೇ ಕೊಂಡಳು.

ಮರುದಿನ ಗೂಡು ತೆರೆಯುವ ದಿನ. ಅವಳು ಅದನ್ನೇ ತೊಟ್ಟು ಕೆಲಸಕ್ಕಿಳಿದಳು. ಮಧ್ಯಾಹ್ನದೊಳಗೆ ಬಟ್ಟೆ ಬೆವರಿಗೆ ನೆನೆದು ಮೈಗಂಟಿತು. ಪುಡಿ ನೂಲಿನ ಸಂದಿನಿಂದ ಒಳಗಿಳಿಯಿತು. ಉರಿ ತಾಳಲಾರದೆ ಅವಳು ಬುಟ್ಟಿ ಬಿಸುಟು ಕೂಗಿದಳು. ಜೊತೆಯವರು ಓಡಿಬಂದು ಅಂಗಿಯ ತೋಳನ್ನು ಹರಿದು ತೆಗೆದರು. ಬಟ್ಟೆಯ ಜೊತೆ ಚರ್ಮವೂ ಬಂತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಆಮೇಲೆ ಪೇಟೆಯವರು ಆ ಅಂಗಿ ಹಾಕುವುದನ್ನು ಬಿಟ್ಟರೇ, ಗುರುಗಳೇ?" ಎಂದು ಅಡವಯ್ಯ ಕೇಳಿದ.

ಗುರುಗಳು ಅವನ ಮುಖ ನೋಡಿ ನಿಟ್ಟುಸಿರುಬಿಟ್ಟರು. "ನೀನೂ ಅಂಗಿಯನ್ನೇ ಕೇಳಿದೆಯಲ್ಲಪ್ಪ, ಅವಳ ಕೈ ಏನಾಯಿತೆಂದು ಕೇಳಲಿಲ್ಲ."